ಅತ್ತೆ ನಾರ್ತು, ನಾನು ಸೌತು

ಇಸ್ಪೀಟು ಆಡುವವರಿಗೆ ಒಂದು ಅನುಕೂಲ ಇದೆ. ಸೋತರೆ ಎಲೆ ಸರಿಯಾಗಿ ಬೀಳಲಿಲ್ಲ ಅಂದುಬಿಡಬಹುದು. ರಮ್ಮಿ ಆಡುವಾಗ ನಾನು ಹಾಸ್ಟೆಲ್ ಕಾಲದಿಂದಲೂ ಇದನ್ನೇ ಹೇಳಿಕೊಂಡು ಬಂದಿದ್ದೇನೆ, ಯಾರೂ ಇಲ್ಲ ಅಂದಿಲ್ಲ. ಟೂರ್ನಮೆಂಟ್ ಬ್ರಿಡ್ಜ್‌ನಲ್ಲಿ ಆ ಒಂದು ಅನುಕೂಲವನ್ನೂ ಕಿತ್ತುಕೊಂಡಿದ್ದಾರೆ.

ಹೇಗೆ ಅಂದ್ರೆ, ಅಲ್ಲಿ ಎಲೆಗಳು ಬೋರ್ಡ್ ಅನ್ನುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುತ್ತವೆ. ನಾಲ್ಕು ದಿಕ್ಕಿಗೆ ನಾಲ್ಕು ಖಾನೆ, ಒಂದೊಂದರಲ್ಲಿ ಹದಿಮೂರು ಎಲೆ. ಆಡುವಾಗ ಎಲೆಯನ್ನು ಮೇಜಿನ ಮಧ್ಯಕ್ಕೆ ಎಸೆಯುವ ಹಾಗಿಲ್ಲ, ನಮ್ಮ ನಮ್ಮ ಮುಂದೆಯೇ ಕವುಚಿ ಇಟ್ಟುಕೊಳ್ಳಬೇಕು. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಟ್ರಿಕ್. ಗೆದ್ದ ಟ್ರಿಕ್ ಆದರೆ ಉದ್ದಕ್ಕೆ, ಸೋತದ್ದಾದರೆ ಅಡ್ಡಕ್ಕೆ. ಆಟ ಮುಗಿದ ಮೇಲೆ ಅವೇ ಹದಿಮೂರು ಎಲೆ ಅದೇ ಖಾನೆಗೆ ವಾಪಸ್. ಬೋರ್ಡ್ ಇನ್ನೊಂದು ಟೇಬಲ್‌ಗೆ ಹೋಗುತ್ತದೆ, ಅಲ್ಲಿ ಬೇರೆ ನಾಲ್ಕು ಜನ ಅದನ್ನೇ ಆಡುತ್ತಾರೆ. ನಿಮ್ಮ ಕೈಗೆ ದರಿದ್ರ ಎಲೆ ಬಂದಿತ್ತಾ? ನಿಮ್ಮ ದಿಕ್ಕಲ್ಲಿ ಕೂತ ಎಲ್ಲರಿಗೂ ಅದೇ ದರಿದ್ರ ಬಂದಿರುತ್ತದೆ. ಅದರಲ್ಲಿ ಅವರು ಎಷ್ಟು ಉಳಿಸಿಕೊಂಡರು, ನೀವು ಎಷ್ಟು ಕಳೆದುಕೊಂಡಿರಿ, ಅಷ್ಟೇ ಲೆಕ್ಕ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮಂಡ್ಯದವನು, ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದೇನೆ. ಭಾನುವಾರ ಮೈಸೂರಲ್ಲಿ ಬ್ರಿಡ್ಜ್ ಟೂರ್ನಮೆಂಟ್ ಇದೆ, ಇಸ್ಪೀಟು ಎಲೆಯಲ್ಲಿ ಆಡೋದು ಅಂದರೆ ನಮ್ಮ ಕಡೆ ಬರುವ ಮೊದಲ ಮಾತು, "ಪೊಲೀಸ್ರು ಬರಲ್ವಾ?" ಅಂತ. ಅವರದ್ದೂ ತಪ್ಪಿಲ್ಲ. ಪೇಪರ್‌ನಲ್ಲಿ ಇಸ್ಪೀಟಿನ ಸುದ್ದಿ ಬರುವುದೇ ಅಂದರ್ ಬಾಹರ್ ಅಡ್ಡೆ ಮೇಲೆ ದಾಳಿ ಆದಾಗ. ಆದರೆ ಕಾನೂನು ಎಲ್ಲಾ ಎಲೆ ಆಟವನ್ನೂ ಒಂದೇ ತಕ್ಕಡಿಗೆ ಹಾಕಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಒಂದು ರಮ್ಮಿ ಕೇಸಿನಲ್ಲಿ ತೀರ್ಪು ಕೊಡುತ್ತಾ, ರಮ್ಮಿ ಮುಖ್ಯವಾಗಿ ಜಾಣತನದ ಆಟ, ಅದರಲ್ಲಿ ಅದೃಷ್ಟ ಅನ್ನುವುದು ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಅಂತ ಹೇಳಿತು. ಅಂದ್ರೆ ರಮ್ಮಿಯನ್ನು ಬಚಾವ್ ಮಾಡೋಕೆ ಬ್ರಿಡ್ಜ್‌ನ ಉದಾಹರಣೆ ಬೇಕಾಯಿತು. ಇನ್ನು ಮೈಸೂರಿನವರು ಎಲೆ ಆಟಕ್ಕೆ ಮೂಗು ಮುರಿದರೆ ನನಗೆ ನಗು ಬರುತ್ತೆ. ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಛದ ಅನ್ನುವ ಎಲೆ ಆಟಗಳನ್ನು ಕಟ್ಟಿದವರು, ಚಿತ್ರ ಬರೆಸಿದ ಆ ಕಟ್ಟುಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಜಾಸ್ತಿ ಎಲೆ. ನಮಗೆ ಐವತ್ತೆರಡೇ ಜಾಸ್ತಿಯಾಗುತ್ತೆ.

ಟೂರ್ನಮೆಂಟ್ ಆಡುವಷ್ಟು ದೊಡ್ಡ ಆಟಗಾರ ನಾನಲ್ಲ. ರಾತ್ರಿ ಅಂಗಡಿ ಲೆಕ್ಕ ಮುಗಿಸಿ ಫೋನಿನಲ್ಲಿ ಬ್ರಿಡ್ಜ್ ಬೇಸ್ ಆನ್‌ಲೈನ್ ತೆಗೆದು ರೋಬೋಟ್‌ಗಳ ಜೊತೆ ಆಡುತ್ತಿದ್ದೆ. ರೋಬೋಟ್ ಬೈಯಲ್ಲ, ಅದೊಂದು ಸುಖ. ಆಟ ಕಲಿಸಿದ್ದು ಅತ್ತೆ, ಅಂದ್ರೆ ನನ್ನ ಹೆಂಡತಿಯ ತಾಯಿ. ಟೆಲಿಫೋನ್ ಇಲಾಖೆಯಲ್ಲಿದ್ದವರು. ಅಲ್ಲಿನ ರಿಕ್ರಿಯೇಷನ್ ಕ್ಲಬ್‌ನಲ್ಲಿ ಗಂಡಸರು ಆಡುವುದನ್ನು ಹಿಂದೆ ನಿಂತು ನೋಡಿ ನೋಡಿ, ಒಂದು ದಿನ ನಾಲ್ಕನೆಯವರು ರಜೆ ಹಾಕಿದಾಗ ಕೂತವರು, ಮತ್ತೆ ಎದ್ದಿಲ್ಲ. ರಿಟೈರ್ ಆದ ಮೇಲೆ ಸರಸ್ವತಿಪುರಂ ಮನೆಯಿಂದ ವಾರಕ್ಕೆ ಎರಡು ಮಧ್ಯಾಹ್ನ ಆಟಕ್ಕೆ ಹೋಗುತ್ತಾರೆ. ಮಾವನಿಗೆ ಎಲೆ ಕಂಡರೆ ಆಗಲ್ಲ. ಅವರದೇನಿದ್ದರೂ ಟಿ.ವಿ. ಮತ್ತು ನಿದ್ದೆ.

ಅತ್ತೆಗೆ ಖಾಯಂ ಪಾರ್ಟ್ನರ್ ಒಬ್ಬರಿದ್ದಾರೆ. ಅವರು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದರು. ಅಷ್ಟರಲ್ಲಿ ಟೂರ್ನಮೆಂಟಿಗೆ ಹೆಸರು ಕೊಡುವ ದಿನ ಬಂತು. ಫೋನ್ ಬಂದದ್ದು ನನಗಲ್ಲ, ನನ್ನ ಹೆಂಡತಿಗೆ. "ಅವರನ್ನ ಒಂದು ಮಾತು ಕೇಳಿ ನೋಡೇ." ಹೆಂಡತಿ ನನ್ನ ಕಡೆ ತಿರುಗಿ, "ಅಮ್ಮ ಕೇಳ್ತಿದಾರೆ, ಆಡ್ತೀರಾ?" ನಾನು ಅವಳ ಪಕ್ಕದಲ್ಲೇ ಕೂತಿದ್ದೆ, ಎರಡೂ ಸಲ ಕೇಳಿಸಿತ್ತು.

ಅಳಿಯ ಅತ್ತೆ ನಡುವೆ ಮಾತು ಎಷ್ಟಿರುತ್ತೆ ಹೇಳಿ. ಊಟ ಆಯ್ತಾ, ಅಂಗಡಿ ಹೇಗಿದೆ, ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ, ಬೇಡ ಅತ್ತೆ ಸಾಕು. ಅವರು ನನಗೆ ನೀವು ಅನ್ನುತ್ತಾರೆ, ನಾನೂ ಅವರಿಗೆ ನೀವು. ಒಬ್ಬರ ಮೇಲೊಬ್ಬರು ರೇಗಿದ್ದು ಇಲ್ಲವೇ ಇಲ್ಲ. ಬ್ರಿಡ್ಜ್ ಪಾರ್ಟ್ನರ್‌ಗಳು ಅಂದರೆ ಹಾಗಲ್ಲ. ಗಂಡ ಹೆಂಡತಿ ಪಾರ್ಟ್ನರ್ ಆಗಬಾರದು ಅಂತ ಈ ಆಟದಲ್ಲಿ ಎಲ್ಲರೂ ಹೇಳುತ್ತಾರೆ, ಹೇಳುವವರಲ್ಲಿ ಅರ್ಧ ಜನ ಹೆಂಡತಿ ಜೊತೆಯೇ ಆಡುತ್ತಿರುತ್ತಾರೆ. ಅತ್ತೆ ಅಳಿಯ ಆಡಬಹುದಾ ಅನ್ನುವುದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಎದುರುಬದುರು ಕೂತವರು ಒಂದು ಜೋಡಿ. ಮೊದಲು ಬಿಡ್ಡಿಂಗ್, ಅಂದ್ರೆ ಯಾವುದು ತುರುಫು, ಎಷ್ಟು ಟ್ರಿಕ್ ಮಾಡುತ್ತೇವೆ ಅಂತ ಹರಾಜು ಕೂಗುವುದು. ಅದಾದ ಮೇಲೆ ಆಟ. ಹರಾಜು ಗೆದ್ದವರ ಪಾರ್ಟ್ನರ್ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ನೆ ಕೂರಬೇಕು, ಅವರು ಡಮ್ಮಿ. ಎಕ್ಕಕ್ಕೆ 4 ಪಾಯಿಂಟ್, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಕಟ್ಟಿನಲ್ಲಿ ಒಟ್ಟು 40. ಇಬ್ಬರ ಕೈ ಸೇರಿ 25ರ ಹತ್ತಿರ ಇದ್ದರೆ ಗೇಮ್‌ಗೆ (ಬೋನಸ್ ಸಿಗುವ ಮಟ್ಟದ ಬಿಡ್) ಹೋಗು, 33 ಇದ್ದರೆ ಸ್ಲ್ಯಾಮ್ (ಹನ್ನೆರಡು ಟ್ರಿಕ್) ನೋಡು ಅನ್ನುವುದು ಸಾಮಾನ್ಯ ಲೆಕ್ಕ. ಈಗ ಆಡುವ ಕಾಂಟ್ರಾಕ್ಟ್ ಬ್ರಿಡ್ಜ್‌ನ ಸ್ಕೋರಿಂಗ್ ಪದ್ಧತಿಯನ್ನು 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಅನ್ನುವ ಅಮೆರಿಕದ ಸಾಹುಕಾರ ಹಡಗಿನಲ್ಲಿ ಹೋಗುವಾಗ ರೂಪಿಸಿದ. ಹಡಗಲ್ಲಿ ಹೊತ್ತು ಹೋಗದೇ ಇದ್ದವರಿಂದ ನಮಗೆ ಈ ಗತಿ.

ಒಬ್ಬರ ಕೈಗೆ ಬರಬಹುದಾದ ಹದಿಮೂರು ಎಲೆಯ ಜೋಡಣೆ 63,501 ಕೋಟಿಗೂ ಜಾಸ್ತಿ. ಅದನ್ನು ಎದುರಿನವರಿಗೆ ತಿಳಿಸೋಕೆ ಇರುವುದು 35 ಬಿಡ್, ಜೊತೆಗೆ ಪಾಸ್, ಡಬಲ್, ರೀಡಬಲ್. ಒಟ್ಟು 38 ಮಾತು. ಟೂರ್ನಮೆಂಟ್‌ನಲ್ಲಿ ಅದನ್ನೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಡಬ್ಬಿ ಇರುತ್ತದೆ, ಅದರಿಂದ ಕಾರ್ಡ್ ತೆಗೆದು ಮೇಜಿನ ಮೇಲಿಡಬೇಕು. ಪಾಸ್‌ಗೆ ಹಸಿರು, ಡಬಲ್‌ಗೆ ಕೆಂಪು. ದನಿ ಏರಿಸುವುದು, ಇಳಿಸುವುದು, ಹುಬ್ಬು ಹಾರಿಸುವುದು ಯಾವುದೂ ನಡೆಯಲ್ಲ.

ಟೂರ್ನಮೆಂಟಿಗೆ ಮುಂಚೆ ಅತ್ತೆ ರಾತ್ರಿ ಫೋನ್ ಮಾಡಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. 1 ನೋ ಟ್ರಂಪ್, ಅಂದ್ರೆ ತುರುಫು ಇಲ್ಲದ ಆಟದ ಬಿಡ್‌ಗೆ, ಎಷ್ಟು ಪಾಯಿಂಟ್? 15ರಿಂದ 17 ಅತ್ತೆ. ಸ್ಟೇಮನ್? 2 ಕ್ಲಬ್. ಟ್ರಾನ್ಸ್‌ಫರ್ ಇದೆಯಾ? ಇದೆ. ನಾನು ಯೂಟ್ಯೂಬ್‌ನಲ್ಲಿ ನೋಡಿದ ಇಂಥ ಇನ್ನೂ ನಾಲ್ಕು ಕನ್ವೆನ್ಷನ್ (ಬಿಡ್‌ನ ಅರ್ಥದ ಬಗ್ಗೆ ಜೋಡಿ ಮಾಡಿಕೊಳ್ಳುವ ಒಪ್ಪಂದ) ಸೇರಿಸೋಣ್ವಾ ಅಂದೆ. "ಬೇಡ. ಇಬ್ಬರಲ್ಲಿ ಒಬ್ಬರು ಮರೆತರೆ ಅದು ಇಲ್ಲದೇ ಇರೋದಕ್ಕಿಂತ ಕಷ್ಟ" ಅಂದರು. ಅಷ್ಟು ಖಡಾಖಂಡಿತವಾಗಿ ಅವರು ನನಗೆ ಬೇಡ ಅಂದದ್ದು ಅದೇ ಮೊದಲು. ಅಲ್ಲಿಯವರೆಗೆ ಬೇಡ ಅನ್ನುವುದು ನನ್ನ ಕೆಲಸವಾಗಿತ್ತು, ಅದೂ ಊಟದ ಹೊತ್ತಲ್ಲಿ.

ಮಂಡ್ಯದಿಂದ ಬೆಳಗಿನ ಟ್ರೈನ್ ಹಿಡಿದು ಹೋದೆ. ಅಂಗಡಿ ತಮ್ಮನಿಗೆ ಬಿಟ್ಟೆ.

ಹಾಲ್ ಒಳಗೆ ಹೋದಾಗ ಮೊದಲು ಕಂಡದ್ದು ಸ್ವೆಟರ್‌ಗಳು. ಏಸಿ ಹಾಕಿದ್ದರು, ಬಂದವರಲ್ಲಿ ಮುಕ್ಕಾಲು ಪಾಲು ಅರವತ್ತು ದಾಟಿದವರು. ರಿಟೈರ್ ಆದ ಇಂಜಿನಿಯರುಗಳು, ಬ್ಯಾಂಕಿನವರು, ಡಾಕ್ಟರುಗಳು, ಒಂದಿಬ್ಬರು ಮಿಲಿಟರಿಯವರು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರೂ ಇದ್ದರು. ನಲವತ್ತರ ಆಸುಪಾಸಿನ ನನ್ನನ್ನು ಒಬ್ಬರು "ಯಂಗ್ ಮ್ಯಾನ್" ಅಂತ ಕರೆದರು. ಬಹಳ ದಿನ ಆಗಿತ್ತು.

ಟೇಬಲ್ ಮೇಲೆ ದಿಕ್ಕಿನ ಚೀಟಿ ಅಂಟಿಸಿರುತ್ತಾರೆ. ನಾರ್ತ್ ಸೌತ್ ಜೋಡಿ ಕೂತಲ್ಲೇ ಕೂರುತ್ತದೆ, ಈಸ್ಟ್ ವೆಸ್ಟ್‌ನವರು ಪ್ರತಿ ರೌಂಡ್ ಮುಗಿದ ಮೇಲೆ ಎದ್ದು ಮುಂದಿನ ಟೇಬಲ್‌ಗೆ, ಬೋರ್ಡ್‌ಗಳು ಹಿಂದಿನ ಟೇಬಲ್‌ಗೆ. ಇದರಿಂದ ನಾರ್ತ್ ಸೌತ್ ಸೀಟಿಗೆ ಮಂಡಿ ನೋವಿನವರ ನಡುವೆ ಭಾರಿ ಪೈಪೋಟಿ. ಅತ್ತೆ ಮೊದಲೇ ಫೋನ್ ಮಾಡಿ ಗಿಟ್ಟಿಸಿಕೊಂಡಿದ್ದರು. ಅವರು ನಾರ್ತ್, ನಾನು ಸೌತ್. ಆರತಕ್ಷತೆಯಲ್ಲಿ ಸ್ಟೇಜ್ ಮೇಲೆ ಕೂತ ಹಾಗೆ, ಜೋಡಿ ಜೋಡಿಯಾಗಿ ಬರುತ್ತಾರೆ, ನಮಸ್ಕಾರ ಅಂತಾರೆ, ಇಪ್ಪತ್ತು ನಿಮಿಷ ಕೂತು ನಮ್ಮ ಪಾಯಿಂಟ್ ಕಿತ್ತುಕೊಂಡು ಹೋಗ್ತಾರೆ, ಮತ್ತೊಂದು ಜೋಡಿ ಬರುತ್ತೆ.

ಮೊದಲ ಎರಡು ರೌಂಡ್ ಬಗ್ಗೆ ಹೇಳುವಂಥದ್ದೇನಿಲ್ಲ. ಕೈ ನಡುಗುತ್ತಿತ್ತು, ಎಲೆ ಜೋಡಿಸಿಕೊಳ್ಳೋಕೇ ಹೊತ್ತು ಹಿಡಿಯುತ್ತಿತ್ತು. ಒಂದು ಬೋರ್ಡಿಗೆ ಸಿಗುವುದು ಏಳೆಂಟು ನಿಮಿಷ.

ಆಮೇಲೆ ಬಂದ ಒಂದು ಬೋರ್ಡ್ ಬಗ್ಗೆ ಮಾತ್ರ ಪೂರ್ತಿ ಬರೆಯಲೇಬೇಕು. ನನ್ನ ಎಡಕ್ಕೆ ಕೂತಿದ್ದ ಯಜಮಾನರು ಕೂತ ತಕ್ಷಣ 3 ಡೈಮಂಡ್ ಕಾರ್ಡ್ ತೆಗೆದಿಟ್ಟರು. ಮೊದಲ ಮಾತೇ ಮೂರರಿಂದ ಶುರುವಾದರೆ ಅದರ ಅರ್ಥ, ಪಾಯಿಂಟ್ ಜಾಸ್ತಿ ಇಲ್ಲ, ಆದರೆ ಆ ಬಣ್ಣ ಏಳು ಇದೆ, ನಿಮಗೆ ಮಾತಾಡಿಕೊಳ್ಳೋಕೆ ಜಾಗ ಕೊಡಲ್ಲ ಅಂತ. ಅತ್ತೆ ಪಾಸ್, ಬಲಗಡೆಯವರು ಪಾಸ್. ನನ್ನ ಹತ್ತಿರ 16 ಪಾಯಿಂಟ್, ಸ್ಪೇಡ್ ಐದು. 3 ಸ್ಪೇಡ್ ಇಟ್ಟೆ. ಅತ್ತೆ ಒಂದು ಕ್ಷಣವೂ ತಡ ಮಾಡದೆ 4 ಸ್ಪೇಡ್. ಹತ್ತು ಟ್ರಿಕ್ ಮಾಡಬೇಕು, ಮೂರಕ್ಕಿಂತ ಜಾಸ್ತಿ ಸೋಲುವ ಹಾಗಿಲ್ಲ.

ಎಡಗಡೆಯವರು ಡೈಮಂಡ್ ಎಕ್ಕ ಆಡಿದರು, ಅದರ ಮೇಲೆ ರಾಜ. ನನ್ನ ಕೈಯಲ್ಲಿ ಎರಡು ಡೈಮಂಡ್, ಡಮ್ಮಿಯಲ್ಲಿ ಎರಡು. ಬಲಗಡೆಯವರೂ ಎರಡು ಸಲವೂ ಡೈಮಂಡೇ ಹಾಕಿದರು. ಎರಡು ಟ್ರಿಕ್ ಹೋಯಿತು. ಹಾರ್ಟ್ ಎಕ್ಕ ಅವರ ಹತ್ತಿರ ಇದೆ, ಅದೂ ಹೋಗುವುದೇ. ಇನ್ನು ತುರುಫಿನಲ್ಲಿ ಒಂದೂ ಬಿಡುವ ಹಾಗಿಲ್ಲ. ತುರುಫು ನನ್ನ ಹತ್ತಿರ ರಾಜ, ಗುಲಾಮ, ಒಂಬತ್ತು, ಆರು, ಮೂರು. ಅತ್ತೆ ಬಿಚ್ಚಿಟ್ಟದ್ದು ಎಕ್ಕ, ಹತ್ತು, ಐದು, ಎರಡು. ಹೊರಗಿರುವುದು ನಾಲ್ಕು, ಅದರಲ್ಲಿ ರಾಣಿ ಒಂದು.

ಒಂಬತ್ತು ತುರುಫು ಇದ್ದು ರಾಣಿ ಇಲ್ಲದಿದ್ದರೆ ಎಕ್ಕ, ರಾಜ ಎಳೆ, ರಾಣಿ ತಾನೇ ಬೀಳುತ್ತೆ ಅಂತ ಎಲ್ಲರಿಗೂ ಬಾಯಿಪಾಠ. ಬೇರೆ ಏನೂ ಗೊತ್ತಿಲ್ಲದಾಗ ಅದೇ ಸರಿ, ಒಂದು ಸುತ್ತು ಎಳೆದ ಮೇಲೆ ಲೆಕ್ಕ ಹಾಕಿದರೆ ಆ ದಾರಿ ಕೂದಲೆಳೆಯಷ್ಟು ಮುಂದಿರುತ್ತದೆ. ಆದರೆ ನನಗೆ ಗೊತ್ತಿತ್ತಲ್ಲ. ಎಡಗಡೆಯವರ ಹದಿಮೂರರಲ್ಲಿ ಏಳು ಡೈಮಂಡ್, ಬೇರೆ ಬಣ್ಣಗಳಿಗೆ ಉಳಿದದ್ದು ಆರೇ ಜಾಗ. ಬಲಗಡೆಯವರ ಹತ್ತಿರ ಡೈಮಂಡ್ ಎರಡೇ, ಉಳಿದ ಜಾಗ ಹನ್ನೊಂದು. ರಾಣಿ ಹನ್ನೊಂದರಲ್ಲಿ ಇರುತ್ತಾಳಾ, ಆರರಲ್ಲಿ ಇರುತ್ತಾಳಾ?

ಡಮ್ಮಿಯಿಂದ ಎಕ್ಕ ಆಡಿಸಿದೆ. ಎಡಗಡೆ ನಾಲ್ಕು ಬಿತ್ತು, ಬಲಗಡೆ ಏಳು. "ಹತ್ತು" ಅಂದೆ. ಅತ್ತೆ ಹತ್ತನ್ನು ಮುಂದೆ ತಳ್ಳಿದರು. ಬಲಗಡೆಯವರು ಎಂಟು ಹಾಕಿದರು. ಈಗ ನಾನು ರಾಜ ಹಾಕಬೇಕಾ, ಮೂರು ಹಾಕಬೇಕಾ. ಅತ್ತೆ ಡಮ್ಮಿ, ಏನೂ ಹೇಳುವ ಹಾಗಿಲ್ಲ, ನನ್ನ ಎಲೆ ಅವರಿಗೆ ಕಾಣುವುದೂ ಇಲ್ಲ. ಟೇಬಲ್ ಬಟ್ಟೆಯ ಮೇಲೆ ಒಂದು ದಾರದ ಎಳೆ ಬಿಟ್ಟಿತ್ತು, ಅದನ್ನು ಬೆರಳಲ್ಲಿ ಒತ್ತುತ್ತಾ ಕೂತಿದ್ದರು. ಮೂರು ಹಾಕಿದೆ. ಎಡಗಡೆಯವರು ಡೈಮಂಡ್ ಎಸೆದರು. ಹತ್ತು ಗೆದ್ದಿತು. ಮುಂದಿನ ಸುತ್ತಿನಲ್ಲಿ ಬಲಗಡೆಯವರ ರಾಣಿ ನನ್ನ ರಾಜನ ಕೆಳಗೆ ಬಂದು ಬಿದ್ದಳು. ಸರಿಯಾಗಿ ಹತ್ತು ಟ್ರಿಕ್.

ಸ್ಕೋರ್ ಹಾಕೋಕೆ ಕ್ಯಾಲ್ಕುಲೇಟರ್‌ನಷ್ಟು ಪುಟ್ಟ ಯಂತ್ರ ಇರುತ್ತದೆ. ನಮ್ಮದನ್ನು ಒತ್ತಿದ ಮೇಲೆ ಅದೇ ಬೋರ್ಡ್ ಬೇರೆ ಟೇಬಲ್‌ಗಳಲ್ಲಿ ಏನಾಯಿತು ಅಂತ ತೋರಿಸಿತು. ಹೆಚ್ಚಿನವರು 4 ಸ್ಪೇಡೇ ಆಡಿದ್ದಾರೆ, ಹೆಚ್ಚಿನವರು ಒಂದು ಟ್ರಿಕ್ ಕಮ್ಮಿ. ಆಮೇಲೆ ಟೀ ಕುಡಿಯುವಾಗ ಗೊತ್ತಾಯಿತು, ಅಲ್ಲೆಲ್ಲ ಎಡಗಡೆಯವರು ಮೊದಲಿಗೆ ಸುಮ್ನೆ ಪಾಸ್ ಅಂದಿದ್ದರಂತೆ. ನಮ್ಮ ಯಜಮಾನರು ನಮ್ಮನ್ನು ಹೆದರಿಸೋಕೆ ಅಂತ 3 ಡೈಮಂಡ್ ಹೇಳಿ ತಮ್ಮ ಪಾರ್ಟ್ನರ್ ಕೈಯಲ್ಲಿದ್ದ ರಾಣಿಯ ವಿಳಾಸ ಕೊಟ್ಟುಬಿಟ್ಟಿದ್ದರು. ಅತ್ತೆ ಎಲೆಗಳನ್ನು ಖಾನೆಗೆ ಸೇರಿಸುತ್ತಾ "ಸರಿಯಾಗಿ ಆಡಿದ್ರಿ" ಅಂದರು. ಅವರ ಮಗಳನ್ನು ಮದುವೆಯಾದಾಗಲೂ ಇಷ್ಟು ನೇರವಾಗಿ ಹೊಗಳಿರಲಿಲ್ಲ.

ಹಿಗ್ಗುವಷ್ಟರಲ್ಲಿ ಮುಂದಿನದ್ದು ಬಂತು. 4 ಹಾರ್ಟ್ ಹೇಳಿ ಹತ್ತು ಟ್ರಿಕ್ ಮಾಡಿದೆವು, 420. ಒಳ್ಳೆಯದೇ ಅಲ್ವಾ? ಅಲ್ಲ. ಬೇರೆಯವರು ಅದೇ ಎಲೆಯಲ್ಲಿ 3 ನೋ ಟ್ರಂಪ್ ಆಡಿ ಅದೇ ಹತ್ತು ಟ್ರಿಕ್ ಮಾಡಿದ್ದರು, ಅದಕ್ಕೆ 430. ಜೋಡಿಗಳ ಸ್ಪರ್ಧೆಯಲ್ಲಿ ಎಷ್ಟು ಅಂತರದಿಂದ ಗೆದ್ದಿರಿ ಅನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ಜೋಡಿಗಿಂತ ಮೇಲಿದ್ದೀರಿ ಅನ್ನುವುದಷ್ಟೇ. ಸಾವಿರ ಪಾಯಿಂಟ್ ಹಿಂದೆ ಬಿದ್ದರೂ ಒಂದೇ, ಹತ್ತು ಪಾಯಿಂಟ್ ಹಿಂದೆ ಬಿದ್ದರೂ ಒಂದೇ. ಆ ಹತ್ತು ಪಾಯಿಂಟಿಗೆ ನಮ್ಮ ಬೋರ್ಡ್ ನೆಲ ಕಚ್ಚಿತು. ಇದು ನನಗೆ ಸರಿ ಅನ್ನಿಸಲ್ಲ, ಈಗಲೂ ಅನ್ನಿಸಲ್ಲ. ಅಂಗಡಿಯಲ್ಲಿ ಮೂಟೆಗೆ ಹತ್ತು ರೂಪಾಯಿ ಕಮ್ಮಿ ಮಾಡಿದ ಪಕ್ಕದವನ ಹತ್ತಿರಕ್ಕೆ ಗಿರಾಕಿಗಳೆಲ್ಲ ಹೋದಾಗಲೂ ಸರಿ ಅನ್ನಿಸಿರಲಿಲ್ಲ.

ನಿಜವಾದ ಪರೀಕ್ಷೆ ಆಗಿದ್ದು ಊಟಕ್ಕೆ ಮುಂಚೆ. ಇದಕ್ಕೆ ಹಿನ್ನೆಲೆ ಒಂದಿದೆ. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಒಂದು ಗುಟ್ಟು ಹೇಳಿಕೊಟ್ಟಿದ್ದಳು. ಅಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರೆ ಅವರಿಗೆ ಏನೋ ಹೇಳೋದಿದೆ, ಹೇಳ್ತಿಲ್ಲ ಅಂತ ಅರ್ಥ. ಅಂದಿನಿಂದ ನಾನು ಆ ಮನೆಯಲ್ಲಿ ಬದುಕಿರುವುದೇ ಆ ಕನ್ನಡಕ ನೋಡಿಕೊಂಡು. ದೀಪಾವಳಿಗೆ ಎಷ್ಟು ದಿನ ಇರಬೇಕು, ಯಾವಾಗ ಹೊರಡಬೇಕು, ಎಲ್ಲಾ ಅದರಲ್ಲೇ ತಿಳಿಯುತ್ತೆ.

ಎದುರಾಳಿಗಳು 4 ಸ್ಪೇಡ್ ಹೇಳಿದರು. ಅತ್ತೆ ಸರದಿ. ಡಬ್ಬಿಯ ಹತ್ತಿರ ಕೈ ಹೋಯಿತು, ವಾಪಸ್ ಬಂತು. ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಹಸಿರು ಕಾರ್ಡ್ ಇಟ್ಟರು, ಪಾಸ್.

ನನ್ನ ಕೈಯಲ್ಲಿ ಡೈಮಂಡ್ ಉದ್ದಕ್ಕಿತ್ತು, 5 ಡೈಮಂಡ್ ಅನ್ನೋಣ್ವಾ ಬೇಡ್ವಾ ಅಂತ ಐವತ್ತು ಐವತ್ತು. ಈ ಕಡೆ ನೂರಕ್ಕೆ ನೂರು ಗೊತ್ತು, ಅತ್ತೆ ಕೈಯಲ್ಲಿ ಏನೋ ಇದೆ. ಆದರೆ ನಿಯಮ ಬಲು ಕಟ್ಟುನಿಟ್ಟು. ಪಾರ್ಟ್ನರ್ ಯೋಚನೆ ಮಾಡಿದ್ದರಿಂದ, ತಡ ಮಾಡಿದ್ದರಿಂದ, ಮುಖ ಮಾಡಿದ್ದರಿಂದ ನಿಮಗೆ ಏನಾದರೂ ತಿಳಿದರೆ ಅದನ್ನು ಬಳಸಿಕೊಳ್ಳಬಾರದು. ಅದು ಸೂಚಿಸುವ ದಾರಿಯನ್ನೇ ಬಿಟ್ಟು ಇನ್ನೊಂದನ್ನು ಆರಿಸಬೇಕು. ಯೋಚನೆ ಮಾಡುವುದು ತಪ್ಪಲ್ಲ, ಅದನ್ನು ಓದಿ ಲಾಭ ಮಾಡಿಕೊಳ್ಳುವುದು ತಪ್ಪು. ಇಷ್ಟು ವರ್ಷ ಕಷ್ಟಪಟ್ಟು ಕಲಿತ ಒಂದೇ ವಿದ್ಯೆ, ಅದನ್ನು ಮರೆತವನ ಹಾಗೆ ಕೂರಬೇಕು. ಪಾಸ್ ಇಟ್ಟೆ. ಅವರು 4 ಸ್ಪೇಡ್ ಮಾಡಿದರು, 420. 5 ಡೈಮಂಡ್ ಹೇಳಿ ಅವರಿಂದ ಡಬಲ್ (ದಂಡ ಹೆಚ್ಚಿಸುವ ಸವಾಲು) ಮಾಡಿಸಿಕೊಂಡಿದ್ದರೂ ಎರಡು ಟ್ರಿಕ್ ಕಮ್ಮಿ, 300 ಕೊಟ್ಟು ಮುಗಿಸಬಹುದಿತ್ತು.

ಅವರು ಎದ್ದು ಹೋದ ಮೇಲೆ ಅತ್ತೆ ಕೇಳಿದರು, "ನೀವು ಅಲ್ಲಿ 5 ಡೈಮಂಡ್ ಯಾಕೆ ಹೇಳಲಿಲ್ಲ?"

"ನೀವು ತುಂಬಾ ಯೋಚನೆ ಮಾಡಿದ್ರಲ್ಲ ಅತ್ತೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಓ. ಕನ್ನಡಕನಾ?" ಅಂದರು.

ಗೊತ್ತಿತ್ತು ಅವರಿಗೆ! ಇಷ್ಟು ವರ್ಷ ನಾವೆಲ್ಲ ಅದನ್ನೇ ನೋಡಿಕೊಂಡು ಕೂತಿರುತ್ತೇವೆ ಅಂತ ಚೆನ್ನಾಗಿ ಗೊತ್ತಿತ್ತು. ಊಟ ಆದ ಮೇಲೆ ಪ್ರತಿ ಸಲವೂ ಬಿಡ್ ಮಾಡುವ ಮುಂಚೆ ಒಂದೇ ಹದಕ್ಕೆ, ಒಂದೇ ಮುಖದಲ್ಲಿ, ಎರಡು ಸೆಕೆಂಡ್ ನಿಲ್ಲಿಸಿ ಕಾರ್ಡ್ ಇಡೋಕೆ ಶುರು ಮಾಡಿದರು. ಕನ್ನಡಕ ಮುಟ್ಟಲಿಲ್ಲ. ಕೈಯಲ್ಲಿ ಏನಿದೆ ಅಂತ ನನಗೆ ಏನೇನೂ ತಿಳಿಯದ ಹಾಗೆ ಮಾಡಿದರು, ಅಲ್ಲಿಂದ ನಮ್ಮ ಬಿಡ್ಡಿಂಗ್ ಸುಧಾರಿಸಿತು.

ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ, ಮೈಸೂರ್ ಪಾಕ್. ತಟ್ಟೆ ಹಿಡಿದುಕೊಂಡೇ ಪೋಸ್ಟ್‌ಮಾರ್ಟಮ್. "ಹನ್ನೊಂದನೇ ಬೋರ್ಡಲ್ಲಿ ನೀವೇನ್ಮಾಡಿದ್ರಿ?" ಅಂತ ಯಾರೋ ಕೇಳುತ್ತಾರೆ, ನೀವು ಉತ್ತರ ಕೊಡುವ ಮೊದಲೇ ಅವರು ಏನು ಮಾಡಿದರು ಅಂತ ಹೇಳಲು ಶುರು ಮಾಡುತ್ತಾರೆ. ಯಾರಿಗೂ ಉತ್ತರ ಬೇಕಿಲ್ಲ. ಒಬ್ಬರು ತಮ್ಮ ಪಾರ್ಟ್ನರ್‌ನನ್ನು ಸಾಲಿನಲ್ಲಿ ನಿಲ್ಲಿಸಿಕೊಂಡೇ ಬೈಯುತ್ತಿದ್ದರು, ಅವರು ಪಾಪ ತಟ್ಟೆಗೆ ಮೊಸರನ್ನ ಹಾಕಿಸಿಕೊಳ್ಳುತ್ತಾ ಹೂಂ ಹೂಂ ಅನ್ನುತ್ತಿದ್ದರು. ಅತ್ತೆ ನನ್ನ ಕಿವಿಯ ಹತ್ತಿರ, "ಇಬ್ಬರೂ ಒಂದೇ ಆಫೀಸಲ್ಲಿದ್ದವರು, ಬೈತಿರೋರು ಜೂನಿಯರ್" ಅಂದರು.

ಏಷ್ಯನ್ ಗೇಮ್ಸ್ ಮಾತು ಬರದೆ ಬ್ರಿಡ್ಜ್‌ನವರ ಊಟ ಮುಗಿಯಲ್ಲ. 2018ರಲ್ಲಿ ಜಕಾರ್ತಾದಲ್ಲಿ ಬ್ರಿಡ್ಜ್ ಮೊದಲ ಸಲ ಸೇರಿದಾಗ ಗಂಡಸರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದವರು ಬಂಗಾಳದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಬರ್ಧನ್‌ಗೆ ಆಗ 60, ಸರ್ಕಾರ್‌ಗೆ 56. ಆಮೇಲೆ ಹಾಂಗ್‌ಝೌನಲ್ಲಿ 2023ರಲ್ಲಿ ಗಂಡಸರ ತಂಡಕ್ಕೆ ಬೆಳ್ಳಿ ಬಂತು. ಆ ಹಾಲ್‌ನಲ್ಲಿದ್ದ ಪ್ರತಿಯೊಬ್ಬರೂ ಈ ಅರವತ್ತು ಅನ್ನುವ ಸಂಖ್ಯೆಯನ್ನು ಒತ್ತಿ ಹೇಳುತ್ತಾರೆ, ತಮ್ಮ ಸರದಿ ಇನ್ನೂ ಬರೋದಿದೆ ಅನ್ನುವ ಹಾಗೆ. ಇದರ ಜೊತೆಗೇ ಬರುವ ಇನ್ನೊಂದು ಕಥೆ ಡೋಪಿಂಗ್‌ದು. ನಂಬಿ, ಬ್ರಿಡ್ಜ್‌ನಲ್ಲೂ ಉದ್ದೀಪನ ಮದ್ದಿನ ಪರೀಕ್ಷೆ ಇದೆ. ಆಗ ವಿಶ್ವದ ಒಂದನೇ ಕ್ರಮಾಂಕದಲ್ಲಿದ್ದ ಗೈರ್ ಹೆಲ್ಗೆಮೊ 2018ರ ವಿಶ್ವ ಚಾಂಪಿಯನ್‌ಶಿಪ್ ಸಮಯದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಒಂದು ವರ್ಷ ನಿಷೇಧ ಅನುಭವಿಸಿದರು. ಇದನ್ನು ಹೇಳಿದವರು ಹೇಳಿ ಮುಗಿಸಿ ಜೇಬಿನಿಂದ ಸಕ್ಕರೆ ಕಾಯಿಲೆ ಮಾತ್ರೆ ತೆಗೆದು ನುಂಗಿ, ಮೈಸೂರ್ ಪಾಕ್‌ಗೆ ಕೈ ಹಾಕಿದರು.

ಮಧ್ಯಾಹ್ನ ಒಮ್ಮೆ ಡೈರೆಕ್ಟರ್, ಅಂದ್ರೆ ನಿಯಮ ನೋಡಿಕೊಳ್ಳುವವರು, ನಮ್ಮ ಟೇಬಲ್‌ಗೆ ಬಂದರು. ಹರಾಜಿನಲ್ಲಿ ಗೆದ್ದು ನಾನು ಆಡಬೇಕಾದ ಕಾಂಟ್ರಾಕ್ಟ್‌ಗೆ ಎಡಗಡೆಯವರು ಮೊದಲ ಎಲೆ ಹಾಕಬೇಕಿತ್ತು, ಬಲಗಡೆಯ ಅಜ್ಜ ಹಾಕಿಬಿಟ್ಟರು. ಜಗಳ ಏನಿಲ್ಲ, ಕೈ ಎತ್ತಿ ಡೈರೆಕ್ಟರ್ ಅಂತ ಕರೆಯುವುದು, ಅಷ್ಟೇ. ಅವರು ಬಂದು ನನಗೆ ಐದು ದಾರಿ ಬಿಡಿಸಿ ಹೇಳಿದರು. ಆ ಎಲೆ ಒಪ್ಪಿಕೊಂಡು ಆಡಬಹುದು, ಒಪ್ಪಿಕೊಂಡು ನಾನೇ ಡಮ್ಮಿಯಾಗಿ ಅತ್ತೆಗೆ ಆಡೋಕೆ ಬಿಡಬಹುದು, ಆ ಬಣ್ಣವನ್ನೇ ಆಡಿ ಅನ್ನಬಹುದು, ಆ ಬಣ್ಣ ಆಡಲೇಬೇಡಿ ಅನ್ನಬಹುದು, ಇಲ್ಲಾ ಆ ಎಲೆ ಮೇಜಿನ ಮೇಲೇ ದಂಡದ ಎಲೆಯಾಗಿ ಬಿದ್ದಿರಲಿ ಅನ್ನಬಹುದು. ನನಗೆ ಎರಡನೆಯದು ಕೇಳಿಸಿದ ತಕ್ಷಣ ಮಿಕ್ಕದ್ದು ಕೇಳಿಸಲೇ ಇಲ್ಲ. ನನ್ನ ಎಲೆ ಬಿಚ್ಚಿಟ್ಟು ಅತ್ತೆಗೆ ವಹಿಸಿದೆ. ಅವರು ಒಂದು ಟ್ರಿಕ್ ಜಾಸ್ತಿಯೇ ಮಾಡಿದರು. ಅವರು ಆಡುವುದನ್ನು ಎದುರು ಕೂತು ನೋಡುವುದು ಒಂದು ಪಾಠ. ಡಮ್ಮಿ ಬಿಚ್ಚಿದ ಮೇಲೆ ಒಂದು ನಿಮಿಷ ಏನೂ ಮುಟ್ಟಲ್ಲ, ಪೂರ್ತಿ ಲೆಕ್ಕ ಹಾಕಿ ಮುಗಿಸುತ್ತಾರೆ, ಆಮೇಲೆ ಎಲ್ಲೂ ನಿಲ್ಲಲ್ಲ.

ಇನ್ನೊಂದು ಬೋರ್ಡ್ ಹೇಳಿ ಮುಗಿಸುತ್ತೇನೆ. ಎದುರಾಳಿಗಳು 3 ನೋ ಟ್ರಂಪ್. ಅತ್ತೆ ಹಾರ್ಟ್ ಆರು ಆಡಿದರು. ನಮ್ಮ ಒಪ್ಪಂದದ ಪ್ರಕಾರ ಅದು ಅವರ ಬಣ್ಣದಲ್ಲಿ ಮೇಲಿನಿಂದ ನಾಲ್ಕನೇ ಎಲೆ. ಆಗ ಹನ್ನೊಂದರಿಂದ ಆ ಎಲೆಯನ್ನು ಕಳೆದರೆ, ಅದಕ್ಕಿಂತ ದೊಡ್ಡ ಎಲೆ ಉಳಿದ ಮೂವರ ಕೈಯಲ್ಲಿ ಎಷ್ಟಿದೆ ಅಂತ ಬರುತ್ತದೆ. ಹನ್ನೊಂದರಲ್ಲಿ ಆರು ಹೋದರೆ ಐದು. ಡಮ್ಮಿಯಲ್ಲಿ ರಾಜ, ಒಂಬತ್ತು, ಮೂರು, ಅಂದ್ರೆ ದೊಡ್ಡವು ಎರಡು. ನನ್ನ ಕೈಯಲ್ಲಿ ಎಕ್ಕ, ಗುಲಾಮ, ಎಂಟು. ಮೂರು. ಅಲ್ಲಿಗೆ ಐದೂ ಮುಗಿಯಿತು. ಆಡುತ್ತಿರುವವರ ಕೈಯಲ್ಲಿ ಆರಕ್ಕಿಂತ ದೊಡ್ಡ ಹಾರ್ಟ್ ಒಂದೂ ಇಲ್ಲ! ಡಮ್ಮಿಯಿಂದ ಮೂರು ಬಿತ್ತು. ನಾನು ಎಕ್ಕವನ್ನೂ ಗುಲಾಮನನ್ನೂ ಬಿಟ್ಟು ಎಂಟು ಹಾಕಿದೆ. ಅದೇ ಗೆದ್ದಿತು. ಆಡುತ್ತಿದ್ದವರು ಒಮ್ಮೆ ಎಂಟನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ನಾನು ಕ್ಲಬ್ ಆಡಿ ಅತ್ತೆ ಕೈಗೆ ಆಟ ಕೊಟ್ಟೆ, ಅವರು ಮತ್ತೆ ಹಾರ್ಟ್ ತಂದರು, ಡಮ್ಮಿಯ ರಾಜ ನನ್ನ ಎಕ್ಕದ ಬಾಯಿಗೆ ಬಂದ. ಒಂದು ಟ್ರಿಕ್ ಕಮ್ಮಿ ಬಿದ್ದರು. ಈ ಹನ್ನೊಂದರ ಲೆಕ್ಕ ಫೋನ್ ಪಾಠದಲ್ಲಿ ಅತ್ತೆ ಹೇಳಿಕೊಟ್ಟದ್ದೇ.

ಗೆದ್ದವರು ಯಾರು ಗೊತ್ತಾ? ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಡೀ ದಿನ ಮಾತಾಡದೆ, ಸ್ವೆಟರ್ ಹಾಕದೆ ಆಡಿದರು. ನಾವು ಪಟ್ಟಿಯ ಮಧ್ಯಕ್ಕಿಂತ ಸ್ವಲ್ಪ ಕೆಳಗೆ, ಶೇ. 50ಕ್ಕೆ ಚೂರು ಕಮ್ಮಿ. ಸರಾಸರಿ ಅಂದ್ರೆ ಶೇ. 50, ಹಾಗಾಗಿ ಮೊದಲ ಸಲಕ್ಕೆ ಮೋಸ ಇಲ್ಲ ಅಂತ ಅತ್ತೆ ಹೇಳಿದರು, ಆಮೇಲೆ ಆಟೋದಲ್ಲಿ ಆ ಹತ್ತು ಪಾಯಿಂಟ್ ಬೋರ್ಡ್ ಬಗ್ಗೆ ಮನೆ ಬರುವವರೆಗೂ ಮಾತಾಡಿದರು. ನಾನು ಅಲ್ಲಿ 3 ನೋ ಟ್ರಂಪ್ ಹೇಳಬೇಕಿತ್ತು ಅಂತ ಅವರು, ಅವರ ಬಿಡ್ ನೋಡಿದರೆ ಹಾಗೆ ಹೇಳೋಕೆ ಆಗಲ್ಲ ಅಂತ ನಾನು. ದನಿ ಸ್ವಲ್ಪ ಏರಿತು ಕೂಡ. ಆಟೋದವನು ಕನ್ನಡಿಯಲ್ಲಿ ನೋಡಿದ. ಮಾವ ಬಾಗಿಲು ತೆಗೆದಾಗಲೂ ಮುಗಿದಿರಲಿಲ್ಲ. "ಏನಾಯ್ತು, ಜಗಳಾನಾ?" ಅಂತ ಅವರು ಗಾಬರಿಯಾದರು. ಅತ್ತೆ ಕಾಫಿ ಡಿಕಾಕ್ಷನ್ ಹಾಕುತ್ತಾ, "ನೀವು ಇದಕ್ಕೆಲ್ಲ ಬರಬೇಡಿ" ಅಂದರು.

ಅವರ ಖಾಯಂ ಪಾರ್ಟ್ನರ್ ಯುಗಾದಿಗೆ ವಾಪಸ್ ಬರುತ್ತಾರಂತೆ. ಅಲ್ಲಿಯವರೆಗೆ ಸೀಟು ನನ್ನದು. ಅದಾದ ಮೇಲೆ ನನಗೆ ಬೇರೆ ಪಾರ್ಟ್ನರ್ ಬೇಕು, ಮಂಡ್ಯದಲ್ಲಿ ಯಾರಾದರೂ ಕಲಿಯುವವರಿದ್ದರೆ ಇನ್ನೂ ಒಳ್ಳೆಯದು. ನನ್ನನ್ನು ಬಿಟ್ಟು ಮೂರು ಜನ ಸಿಕ್ಕರೆ ಸಾಕು, ಒಂದು ಟೇಬಲ್ ಆಗುತ್ತೆ. ಗೋಡೌನ್ ಮುಂದಿನ ರೂಮು ಭಾನುವಾರ ಖಾಲಿ ಇರುತ್ತೆ. ಗೊಬ್ಬರದ ವಾಸನೆ ತಡ್ಕೋಬೇಕು ಅಷ್ಟೇ, ಟೀ ನನ್ನದು.